ಹದಿನಾಲ್ಕರ ಹುಡುಗಿಯ ಬೆನ್ನಿನ ಆಪರೇಷನ್, ಆರು ಆಂಪೂಲ್ ಔಷಧ: ಒಂದು ಪ್ರಕರಣ ಅಧ್ಯಯನ

ರೋಗಿ 14 ವರ್ಷದ ಹುಡುಗಿ, ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ತೂಕ 38 ಕೆ.ಜಿ. ಎದೆಯ ಭಾಗದಲ್ಲಿ ಬೆನ್ನುಮೂಳೆ ಬಲಕ್ಕೆ 64 ಡಿಗ್ರಿ ಬಾಗಿತ್ತು. ನಿಖರ ಕಾರಣ ಸಿಗದೆ ಹದಿಹರೆಯದಲ್ಲಿ ಶುರುವಾಗುವ ಸ್ಕೋಲಿಯೋಸಿಸ್ ಅದು. ಬಾಗು 45-50 ಡಿಗ್ರಿ ದಾಟಿತು ಅಂದರೆ ಬೆಲ್ಟ್ ಹಾಕಿ ಪ್ರಯೋಜನವಿಲ್ಲ, ಆಪರೇಷನ್ ಮಾತು ಬರುತ್ತದೆ. ಸರ್ಜನ್ ಯೋಜನೆ ಹೀಗಿತ್ತು: ಎದೆಯ 3ನೇ ಮೂಳೆಯಿಂದ ಸೊಂಟದ 1ನೇ ಮೂಳೆವರೆಗೆ, ಒಟ್ಟು 11 ಮೂಳೆಗಳಿಗೆ ಸ್ಕ್ರೂ ಹಾಕುವುದು, ಎರಡು ರಾಡ್ ಕೂರಿಸಿ ಬಾಗನ್ನು ನೆಟ್ಟಗೆ ಮಾಡುವುದು, ಆ ಮೂಳೆಗಳೆಲ್ಲ ಒಂದಕ್ಕೊಂದು ಬೆಸೆದುಕೊಳ್ಳುವಂತೆ ಮಾಡುವುದು.

ನಾನು ಅರಿವಳಿಕೆ ತಜ್ಞೆ. ಈ ಪ್ರಕರಣವನ್ನು ರಕ್ತದ ಲೆಕ್ಕದ ಕಡೆಯಿಂದ, ಆಪರೇಷನ್‌ನಲ್ಲಿ ರಕ್ತನಷ್ಟ ಕಡಿಮೆ ಮಾಡಲು ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧದ ಸುತ್ತ ಬರೆಯುತ್ತಿದ್ದೇನೆ. ಹುಡುಗಿಯ ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ, ಇಂಥವೇ ಬೇರೆ ಪ್ರಕರಣಗಳ ಕೆಲವು ಸಂಗತಿಗಳನ್ನೂ ಸೇರಿಸಿದ್ದೇನೆ.

ಬೆನ್ನಿನ ಆಪರೇಷನ್‌ನಲ್ಲಿ ರಕ್ತ ಯಾಕೆ ಇಷ್ಟು ಹೋಗುತ್ತದೆ? ಗಾಯ ಉದ್ದ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಮೂಳೆ. ಸ್ನಾಯುವಿನ ರಕ್ತನಾಳ ತುಂಡಾದರೆ ಸುಟ್ಟು ಮುಚ್ಚಬಹುದು. ಕೆರೆದ ಮೂಳೆಯ ಮೈಯಿಂದ ಜಿನುಗುವ ರಕ್ತಕ್ಕೆ ಹಾಗೆ ಮಾಡಲಾಗದು, ಅಲ್ಲಿ ಹಿಡಿಯಲು ಒಂದು ನಾಳ ಅಂತ ಇರುವುದಿಲ್ಲ. ಮೂಳೆಗಳು ಬೆಸೆಯಬೇಕಾದರೆ ಮೈ ಕೆರೆಯಲೇಬೇಕು, ಕೆರೆದರೆ ಜಿನುಗಲೇಬೇಕು. ಇದರ ಜೊತೆಗೆ ಬೆನ್ನುಹುರಿಯ ಸುತ್ತ ರಕ್ತನಾಳಗಳ ಒಂದು ಬಲೆ ಇದೆ. ಅದರಲ್ಲಿ ಕವಾಟಗಳಿಲ್ಲ. ಹೊಟ್ಟೆಯ ಮೇಲೆ ಒತ್ತಡ ಬಿತ್ತು ಅಂದರೆ ರಕ್ತ ನೇರವಾಗಿ ಆ ಬಲೆಗೆ ಹಿಮ್ಮೆಟ್ಟುತ್ತದೆ. ಆಪರೇಷನ್ ನಡೆಯುವುದೋ ರೋಗಿಯನ್ನು ಬೋರಲು ಮಲಗಿಸಿ.

ಆಪರೇಷನ್ ಆರು ವಾರ ಮುಂದಕ್ಕೆ ಹೋಯಿತು

ಮೊದಲ ಸಲ ನೋಡಿದಾಗ ಹುಡುಗಿಯ ಹಿಮೋಗ್ಲೋಬಿನ್ 9.4 ಇತ್ತು. ಫೆರಿಟಿನ್ ತೀರಾ ಕಡಿಮೆ. ಅಂದರೆ ದೇಹದಲ್ಲಿ ಕಬ್ಬಿಣಾಂಶದ ದಾಸ್ತಾನೇ ಖಾಲಿ. ಕಾರಣ ತಾಯಿಯನ್ನು ಪಕ್ಕಕ್ಕೆ ಕರೆದು ಕೇಳಿದಾಗ ಗೊತ್ತಾಯಿತು. ಮುಟ್ಟಿನಲ್ಲಿ ಎಂಟು ಒಂಬತ್ತು ದಿನ ರಕ್ತ ಹೋಗುತ್ತಿತ್ತಂತೆ. ಅಪ್ಪನ ಎದುರು ಹುಡುಗಿ ಆ ಮಾತು ತೆಗೆದಿರಲಿಲ್ಲ. ತಾಯಿಯ ಪ್ಲಾಸ್ಟಿಕ್ ಚೀಲದಲ್ಲಿ ಊರಿನ ಡಾಕ್ಟರ್ ಕೊಟ್ಟ ಮಾತ್ರೆ ಇತ್ತು. ಟ್ರಾನೆಕ್ಸಾಮಿಕ್ ಆಸಿಡ್ ಮತ್ತು ನೋವು ಇಳಿಸುವ ಮೆಫೆನಾಮಿಕ್ ಆಸಿಡ್ ಎರಡೂ ಸೇರಿದ್ದು. ನಾವು ಆಪರೇಷನ್ ಟೇಬಲ್ ಮೇಲೆ ಕೊಡಬೇಕೆಂದಿದ್ದ ಔಷಧವನ್ನು ಈ ಹುಡುಗಿ ಆಗಲೇ ತಿಂಗಳು ತಿಂಗಳು ನುಂಗುತ್ತಿದ್ದಳು.

ಹದಿಹರೆಯದ ಹುಡುಗಿಗೆ ಮುಟ್ಟಿನ ರಕ್ತ ಇಷ್ಟು ಜಾಸ್ತಿ ಅಂದರೆ ಸುಮ್ನೆ ಬಿಡುವಂತಿಲ್ಲ. ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟುವುದರಲ್ಲಿ ದೋಷ ಇರಬಹುದು. ಅಂಥ ದೋಷಗಳಲ್ಲೊಂದಾದ ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಎಷ್ಟೋ ಸಲ ಮೊದಲು ಗೊತ್ತಾಗುವುದೇ ಹೀಗೆ. ಹಲ್ಲು ಕಿತ್ತಾಗ, ಗಾಯವಾದಾಗ ರಕ್ತ ಬೇಗ ನಿಲ್ಲುತ್ತಿತ್ತೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದು ಕೇಳಿದೆವು. ಪರೀಕ್ಷೆಯನ್ನೂ ಮಾಡಿಸಿದೆವು. ಎಲ್ಲ ಸರಿಯಾಗಿತ್ತು. ಹಾಗೆಯೇ ಎದುರು ಬದಿಯ ಪ್ರಶ್ನೆಯನ್ನೂ ಕೇಳಬೇಕಿತ್ತು: ಕಾಲಿನಲ್ಲಿ, ಶ್ವಾಸಕೋಶದಲ್ಲಿ ಹೆಪ್ಪು ಕಟ್ಟಿದವರು ಮನೆಯಲ್ಲಿ ಇದ್ದಾರೆಯೇ? ಫಿಟ್ಸ್ ಬಂದಿತ್ತೇ? ಹಾರ್ಮೋನ್ ಮಾತ್ರೆ ಏನಾದರೂ ನಡೆಯುತ್ತಿದೆಯೇ? ಕ್ರಿಯಾಟಿನಿನ್ ಎಷ್ಟಿದೆ? ಕೊನೆಯದು ಯಾಕೆಂದರೆ ಈ ಔಷಧದ ಬಹುಪಾಲು ಹಾಗೇ ಮೂತ್ರದಲ್ಲಿ ಹೊರಹೋಗುತ್ತದೆ. ಕಿಡ್ನಿ ಸೋತಿದ್ದರೆ ಡೋಸ್ ಇಳಿಸಲೇಬೇಕು. ಹುಡುಗಿಯ ಮಟ್ಟಿಗೆ ಇವುಗಳಲ್ಲಿ ಯಾವ ತೊಂದರೆಯೂ ಇರಲಿಲ್ಲ.

ಈಗ ಒಂದು ಲೆಕ್ಕ. ಕೆ.ಜಿ.ಗೆ 70 ಮಿ.ಲೀ. ಅಂತ ಹಿಡಿದರೆ ಇವಳ ಮೈಯಲ್ಲಿ ಒಟ್ಟು ರಕ್ತ ಸುಮಾರು 2660 ಮಿ.ಲೀ. ಹಿಮೋಗ್ಲೋಬಿನ್ 8ಕ್ಕೆ ಇಳಿದಾಗ ರಕ್ತ ಕೊಡುವ ಯೋಚನೆ ಮಾಡೋಣ ಅಂದುಕೊಳ್ಳಿ. 9.4ರಿಂದ ಶುರು ಮಾಡಿದರೆ ಸುಮಾರು 400 ಮಿ.ಲೀ. ಹೋಗುವಷ್ಟರಲ್ಲೇ ಆ ಮಟ್ಟ ಬಂದುಬಿಡುತ್ತದೆ. 11.8ರಿಂದ ಶುರು ಮಾಡಿದರೆ 850 ಮಿ.ಲೀ.ವರೆಗೆ ತಡೆದುಕೊಳ್ಳಬಹುದು. ಎರಡರ ನಡುವಿನ ಅಂತರ 450 ಮಿ.ಲೀ. ಟ್ರಾನೆಕ್ಸಾಮಿಕ್ ಆಸಿಡ್‌ನ ಯಾವ ಡೋಸ್ ಕೊಟ್ಟರೂ ಇಷ್ಟು ದೊಡ್ಡ ಅಂತರ ಸಿಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ಕಬ್ಬಿಣಾಂಶಕ್ಕೆ ಅದು ಸಾಧ್ಯ.

ಹಾಗಾಗಿ ಏಪ್ರಿಲ್ ಕೊನೆಯ ಆಪರೇಷನ್ ಜೂನ್‌ಗೆ ಹೋಯಿತು. ಅಪ್ಪನಿಗೆ ಇದು ಇಷ್ಟವಾಗಲಿಲ್ಲ. "ಬಿತ್ತನಿ ಹೊತ್ತಿಗೆ ಬಂದ್ರ ನಾ ಹೆಂಗ್ ಬರ್ಲಿ ಮೇಡಂ? ಸಾಲಿನೂ ಸುರು ಆಕ್ಕೇತಿ" ಅಂದರು. ನ್ಯಾಯವೇ. ರಕ್ತ ಕೊಡುವುದಕ್ಕೆ ಅಂತ ಊರಿನಿಂದ ನಾಲ್ಕು ಜನರನ್ನು ಬೇರೆ ಕರೆದುಕೊಂಡು ಬಂದಿದ್ದರು. ಬಾಗು ಆರು ವಾರದಲ್ಲಿ ಅಂಥದ್ದೇನೂ ಹೆಚ್ಚಾಗುವುದಿಲ್ಲ, ಹುಡುಗಿಗೆ ಬೇರೆಯವರ ರಕ್ತವೇ ಬೇಕಾಗದಂತೆ ಮಾಡಲು ನೋಡುತ್ತಿದ್ದೇವೆ ಅಂತ ಹೇಳಿದ ಮೇಲೆ ಒಪ್ಪಿದರು. ಕಬ್ಬಿಣದ ಮಾತ್ರೆ ಮೊದಲೇ ಒಮ್ಮೆ ಹೊಟ್ಟೆಗೆ ಹಿಡಿಸಿರಲಿಲ್ಲ. ಐರನ್ ಸುಕ್ರೋಸ್ ಅನ್ನು 200 ಮಿ.ಗ್ರಾಂ.ನಂತೆ ನಾಲ್ಕು ಸಲ ಡ್ರಿಪ್‌ನಲ್ಲಿ ಕೊಟ್ಟೆವು. ಮುಟ್ಟಿನ ತೊಂದರೆಗೆ ಸ್ತ್ರೀರೋಗ ತಜ್ಞರನ್ನು ಕಾಣಲು ಹೇಳಿದೆವು. ಜೂನ್‌ನಲ್ಲಿ ಹಿಮೋಗ್ಲೋಬಿನ್ 11.8.

ಅಪ್ಪ ಕೇಳಿದ ಪ್ರಶ್ನೆ

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುಂಚೆ ಅವರು ಕೇಳಿದರು: "ರಕ್ತ ಹೆಪ್ಪುಗಟ್ಟೋ ಔಷಧ ಕೊಟ್ರ ಮೈ ತುಂಬ ಹೆಪ್ಪುಗಟ್ಟಂಗಿಲ್ಲೇನ್ರೀ?"

ಎಂಬಿಬಿಎಸ್ ಓದಿದವರೂ ಇದೇ ಅನುಮಾನ ಇಟ್ಟುಕೊಂಡಿರುತ್ತಾರೆ. ಟ್ರಾನೆಕ್ಸಾಮಿಕ್ ಆಸಿಡ್ ಹೆಪ್ಪು ಕಟ್ಟಿಸುವುದಿಲ್ಲ. ಗಾಯದ ಬಾಯಲ್ಲಿ ಫೈಬ್ರಿನ್ ಎಂಬ ನಾರಿನ ಬಲೆ ಕಟ್ಟಿಕೊಂಡು ರಕ್ತ ನಿಲ್ಲುತ್ತದೆ. ಅದೇ ಹೊತ್ತಿಗೆ ದೇಹ ಆ ಬಲೆಯನ್ನು ಕರಗಿಸುವ ಕೆಲಸವನ್ನೂ ಶುರು ಮಾಡುತ್ತದೆ. ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನು ಫೈಬ್ರಿನ್ನಿನ ಮೇಲಿರುವ ಲೈಸಿನ್ ಎಂಬ ಅಂಶವನ್ನು ಹಿಡಿದು ಕೂರುತ್ತದೆ, ಪ್ಲಾಸ್ಮಿನ್ ಆಗಿ ಬದಲಾಗುತ್ತದೆ, ನಾರನ್ನು ತುಂಡು ಮಾಡುತ್ತದೆ. ಸಣ್ಣ ಗಾಯದಲ್ಲಿ ಇದರಿಂದ ತೊಂದರೆ ಇಲ್ಲ. ಗಂಟೆಗಟ್ಟಲೆ ಮೂಳೆ, ಸ್ನಾಯು ಕೆದಕುವ ಆಪರೇಷನ್‌ನಲ್ಲಿ ಕರಗಿಸುವ ಕೆಲಸ ಅತಿಯಾಗುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ ಲೈಸಿನ್‌ನಂತೆಯೇ ಕಾಣುವ ವಸ್ತು. ಪ್ಲಾಸ್ಮಿನೋಜೆನ್ ಇದನ್ನೇ ಹಿಡಿದುಕೊಂಡು ಕೂರುತ್ತದೆ, ಫೈಬ್ರಿನ್ ಬಳಿ ಹೋಗುವುದಿಲ್ಲ. ಅಪ್ಪನಿಗೆ ಹೊಲದ ಭಾಷೆಯಲ್ಲಿ ಹೇಳಿದೆ: ಇದು ಒಡ್ಡು ಹಾಕುವ ಔಷಧ ಅಲ್ಲ, ಹಾಕಿದ ಒಡ್ಡನ್ನು ಒಡೆಯಲು ಬರುವವರನ್ನು ತಡೆಯುವ ಔಷಧ.

ಹಾಗಂತ ಅವರ ಅನುಮಾನ ಪೂರ್ತಿ ತಪ್ಪೂ ಅಲ್ಲ. ಬೇಡದ ಕಡೆ ಒಂದು ಹೆಪ್ಪು ಕಟ್ಟಿಕೊಂಡಿದ್ದರೆ ಅದನ್ನೂ ಕರಗಲು ಬಿಡದಿರಬಹುದಲ್ವಾ? ಇದಕ್ಕೆ ಉತ್ತರ ದೊಡ್ಡ ಅಧ್ಯಯನಗಳಲ್ಲಿ ಹುಡುಕಬೇಕು. 2010ರ ಕ್ರ್ಯಾಶ್-2 ಅಧ್ಯಯನದಲ್ಲಿ 40 ದೇಶಗಳ 274 ಆಸ್ಪತ್ರೆಗಳ 20,211 ಗಾಯಾಳುಗಳಿದ್ದರು. ಭಾರತದವರೂ ತುಂಬಾ ಇದ್ದರು. ಔಷಧ ಪಡೆದವರಲ್ಲಿ ಸಾವು 16.0ರಿಂದ ಶೇ. 14.5ಕ್ಕೆ ಇಳಿಯಿತು, ಹೆಪ್ಪಿನ ತೊಂದರೆ ಹೆಚ್ಚಾಗಲಿಲ್ಲ. 2022ರ ಪಾಯ್ಸ್-3 ಅಧ್ಯಯನ ಹೃದಯದ್ದಲ್ಲದ ಆಪರೇಷನ್‌ಗಳದ್ದು, 9,535 ಜನ. ಗಂಭೀರ ರಕ್ತಸ್ರಾವ ಶೇ. 11.7 ಇದ್ದದ್ದು 9.1 ಆಯಿತು. ಹೃದಯ ಮತ್ತು ರಕ್ತನಾಳದ ತೊಂದರೆ ಔಷಧ ಪಡೆದವರಲ್ಲಿ ಶೇ. 14.2, ಪಡೆಯದವರಲ್ಲಿ 13.9. ಅಂತರ ಚಿಕ್ಕದು. ಆದರೆ ಸುರಕ್ಷತೆಗೆ ಅಧ್ಯಯನದವರು ಮೊದಲೇ ಹಾಕಿಕೊಂಡಿದ್ದ ಗೆರೆಯೊಳಗೆ ಅದು ಖಚಿತವಾಗಿ ಬರಲಿಲ್ಲ. ಸ್ಟೆಂಟ್ ಹಾಕಿಸಿಕೊಂಡ 65ರ ಅಜ್ಜನ ಸೊಂಟದ ಆಪರೇಷನ್ ಆಗಿದ್ದರೆ ಈ ಅಂಕಿಯ ಮುಂದೆ ನಾನು ಎರಡು ನಿಮಿಷ ನಿಲ್ಲುತ್ತಿದ್ದೆ. 14ರ ಆರೋಗ್ಯವಂತ ಹುಡುಗಿಗೆ ನಿಲ್ಲಬೇಕಾಗಿರಲಿಲ್ಲ.

ಈ ಔಷಧದ ಹುಟ್ಟೂ ಹೆಣ್ಣುಮಕ್ಕಳ ರಕ್ತಸ್ರಾವದ ಕಡೆಯಿಂದಲೇ ಬಂದದ್ದು. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ ಶೊಸುಕೆ ಒಕಾಮೊಟೊ ಇದನ್ನು 1962ರಲ್ಲಿ ಪ್ರಕಟಿಸಿದರು. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರಿಗೆ ಇದು ಬೇಕು ಅನ್ನುವುದು ಉಟಾಕೊ ಅವರ ಹಟವಾಗಿತ್ತು. ಅದನ್ನು ದೊಡ್ಡ ಅಧ್ಯಯನದಲ್ಲಿ ತೋರಿಸಿದ ವುಮನ್ ಟ್ರಯಲ್ ಬಂದದ್ದು 2017ರಲ್ಲಿ. ಹಿಂದಿನ ವರ್ಷವಷ್ಟೇ ಅವರು 98ರ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಡೋಸ್ ವಿಷಯಕ್ಕೆ ಬರೋಣ. ಇಲ್ಲಿ ಎಲ್ಲರದ್ದೂ ಒಂದೇ ಮಾತಿಲ್ಲ. 2005ರಲ್ಲಿ ಬಾಸ್ಟನ್ನಿನ ಅಧ್ಯಯನವೊಂದು ಸ್ಕೋಲಿಯೋಸಿಸ್‌ನ 44 ಮಕ್ಕಳು, ಯುವಜನರ ಮೇಲೆ ನಡೆಯಿತು. ಕೆ.ಜಿ.ಗೆ 100 ಮಿ.ಗ್ರಾಂ. ಮೊದಲು, ಆಮೇಲೆ ಗಂಟೆಗೆ ಕೆ.ಜಿ.ಗೆ 10 ಮಿ.ಗ್ರಾಂ. ರಕ್ತನಷ್ಟ ಶೇ. 41ರಷ್ಟು ಇಳಿಯಿತು. ಮಜಾ ಏನೆಂದರೆ, ರೋಗಿಗಳಿಗೆ ಕೊಟ್ಟ ರಕ್ತದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ 111 ಹದಿಹರೆಯದವರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಮೊದಲ ಡೋಸ್ 50 ಮಿ.ಗ್ರಾಂ.ಗೆ ಇಳಿದಿತ್ತು. ಅಲ್ಲಿ ರಕ್ತನಷ್ಟದ ಸರಾಸರಿ 1031 ಮಿ.ಲೀ. ಬದಲು 836 ಮಿ.ಲೀ. ಇನ್ನೂ ಕಡಿಮೆ ಡೋಸ್ ಬಳಸುವವರೂ ಇದ್ದಾರೆ. ತೀರಾ ಹೆಚ್ಚಿನ ಡೋಸ್‌ನಲ್ಲಿ ಫಿಟ್ಸ್ ಬರುತ್ತದೆ ಅನ್ನುವುದು ಹೃದಯದ ಆಪರೇಷನ್‌ಗಳಿಂದ ಗೊತ್ತಾಗಿದೆ. ನಾವು ಕೆ.ಜಿ.ಗೆ 30 ಮಿ.ಗ್ರಾಂ. ಮೊದಲು, ನಂತರ ಗಂಟೆಗೆ ಕೆ.ಜಿ.ಗೆ 10 ಮಿ.ಗ್ರಾಂ. ಎಂದು ಗೊತ್ತು ಮಾಡಿಕೊಂಡೆವು.

38 ಕೆ.ಜಿ.ಗೆ ಮೊದಲ ಡೋಸ್ 1140 ಮಿ.ಗ್ರಾಂ. ಅದನ್ನು 100 ಮಿ.ಲೀ. ಸಲೈನ್‌ನಲ್ಲಿ ಬೆರೆಸಿ 20 ನಿಮಿಷದಲ್ಲಿ, ಚರ್ಮಕ್ಕೆ ಚಾಕು ತಾಗುವ ಮುಂಚೆಯೇ ಮುಗಿಸಿದೆವು. ಸರಕ್ಕನೆ ತಳ್ಳಿದರೆ ಬಿಪಿ ಬೀಳುತ್ತದೆ. ನಿಮಿಷಕ್ಕೆ 100 ಮಿ.ಗ್ರಾಂ. ದಾಟಬಾರದು. ಆಮೇಲೆ ಸಿರಿಂಜ್ ಪಂಪ್‌ನಲ್ಲಿ ಗಂಟೆಗೆ 380 ಮಿ.ಗ್ರಾಂ. ಹೊಲಿಗೆ ಮುಗಿಯುವವರೆಗೆ 4 ಗಂಟೆ 40 ನಿಮಿಷ ಓಡಿತು. ಎಲ್ಲ ಸೇರಿ 500 ಮಿ.ಗ್ರಾಂ.ನ ಆರು ಆಂಪೂಲ್. ಒಂದು ಬಾಟಲಿ ರಕ್ತವನ್ನು ಪರೀಕ್ಷೆ ಮಾಡಿ ಕೊಡುವ ಖರ್ಚಿಗಿಂತ ಇದು ಅಗ್ಗ.

ಮೂರನೇ ಗಂಟೆ

ಮೊದಲ ಎರಡು ಗಂಟೆ ಗಾಯ ಒಣಗಿದಂತೆಯೇ ಇತ್ತು. ಸ್ಕ್ರೂಗಳು ಮುಗಿದಾಗ ನಷ್ಟ 310 ಮಿ.ಲೀ. ಒಂದು ಸ್ಕ್ರೂ ರಂಧ್ರದಲ್ಲಿ ಬೆನ್ನುಹುರಿಯ ಸುತ್ತಲಿನ ನೀರು ತುಸು ಕಾಣಿಸಿತ್ತು. ಸರ್ಜನ್ ಅದನ್ನು ಮುಚ್ಚಿ, ದಿಕ್ಕು ಬದಲಿಸಿ ಸ್ಕ್ರೂ ಹಾಕಿದರು. ಈ ಸಣ್ಣ ಸಂಗತಿಗೆ ಆಮೇಲೆ ಬರುತ್ತೇನೆ.

ಮೂಳೆ ಕೆರೆದು ರಾಡ್ ಕೂರಿಸುವ ಹೊತ್ತಿಗೆ ಗಾಯದ ತುಂಬ ಜಿನುಗು ಶುರುವಾಯಿತು. ಸಕ್ಷನ್ ಬಾಟಲಿ ಏರತೊಡಗಿತು. ಸರ್ಜನ್ ತಲೆಯೆತ್ತದೆ ಹೇಳಿದರು: "ಇನ್ನೊಂದು ಡೋಸ್ ಟ್ರಾನೆಕ್ಸಾ ಕೊಡಿ ಮೇಡಂ."

ಎಲ್ಲ ಥಿಯೇಟರ್‌ಗಳಲ್ಲೂ ಕೇಳಿಬರುವ ಮಾತಿದು. ಈ ಪ್ರಕರಣವನ್ನು ಬರೆಯಲು ಕೂತದ್ದೂ ಆ ಒಂದು ಮಾತಿಗಾಗಿಯೇ. ಔಷಧ ಆಗಲೇ ಪಂಪ್‌ನಲ್ಲಿ ಓಡುತ್ತಿದೆ. ಒಡ್ಡು ಒಡೆಯುವವರನ್ನು ತಡೆದಾಗಿದೆ. ಇನ್ನೂ ರಕ್ತ ಬರುತ್ತಿದೆ ಅಂದರೆ ಕಾರಣ ಬೇರೆ ಕಡೆ ಇದೆ, ಅಲ್ಲಿ ಹುಡುಕಬೇಕು. ನಾನು ಕೊಡಲಿಲ್ಲ. ಪಂಪ್ ನೋಡಿದೆ, ಓಡುತ್ತಿತ್ತು. ಡ್ರಿಪ್ ಸರಿಯಾಗಿ ಹೋಗುತ್ತಿತ್ತು. ಮೈ ಬಿಸಿ ನೋಡಿದೆ. 35.1 ಡಿಗ್ರಿ. ಗಾಯ ತೊಳೆಯಲು ಹಾಕಿದ ಸಲೈನ್ ತಣ್ಣಗಿತ್ತು, ಥಿಯೇಟರ್ ಎ.ಸಿ. ಜೋರಾಗಿತ್ತು. ಮೈ ತಣ್ಣಗಾದರೆ ಪ್ಲೇಟ್‌ಲೆಟ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ರಕ್ತದ ಸ್ಯಾಂಪಲ್ ಕಳಿಸಿದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಕೆಳಗಿನ ಅಂಚಿನಲ್ಲಿತ್ತು. ಫೈಬ್ರಿನೋಜೆನ್ 188. ಬಲೆ ನೇಯಲು ನೂಲು ಸಾಕಷ್ಟಿತ್ತು ಅಂತ ಅರ್ಥ.

ಆಮೇಲೆ ಹೊದಿಕೆಯ ಕೆಳಗೆ ಕೈ ಹಾಕಿ ಹೊಟ್ಟೆ ಮುಟ್ಟಿ ನೋಡಿದೆ. ಬೋರಲು ಮಲಗಿಸುವಾಗ ಎದೆಗೆ, ಸೊಂಟದ ಎರಡು ಬದಿಗೆ ದಿಂಬು ಕೊಟ್ಟು ಹೊಟ್ಟೆ ಗಾಳಿಯಲ್ಲಿ ತೂಗುವಂತೆ ಬಿಟ್ಟಿರುತ್ತೇವೆ. ರಾಡ್ ತಿರುಗಿಸುವಾಗ ಬೆನ್ನಿನ ಮೇಲೆ ಬಲ ಬೀಳುತ್ತದೆ. ಎಡಸೊಂಟದ ದಿಂಬು ಜಾರಿ ಹೊಟ್ಟೆಯ ಕೆಳಗೆ ಬಂದಿತ್ತು. ಹೊಟ್ಟೆ ಬಿಗಿಯಾಗಿತ್ತು. ವೆಂಟಿಲೇಟರ್‌ನ ಒತ್ತಡವೂ 17ರಿಂದ 23ಕ್ಕೆ ಏರಿತ್ತು. ಹೊಟ್ಟೆ ಒತ್ತಿದರೆ ರಕ್ತ ಎಲ್ಲಿಗೆ ಹೋಗುತ್ತದೆ ಅಂತ ಮೇಲೆಯೇ ಹೇಳಿದೆ.

ಸರ್ಜನ್ ಐದು ನಿಮಿಷ ಕೈ ತೆಗೆದು ಗಾಯಕ್ಕೆ ಗಾಜ್ ಒತ್ತಿ ಹಿಡಿದರು. ನಾವಿಬ್ಬರು ಕೆಳಗೆ ನುಗ್ಗಿ ದಿಂಬನ್ನು ಜಾಗಕ್ಕೆ ತಂದೆವು. ಕ್ಯಾಲ್ಸಿಯಂ ಕೊಟ್ಟೆವು. ಬಿಸಿಗಾಳಿಯ ಹೊದಿಕೆಯ ಬಿಸಿ ಏರಿಸಿದೆವು. ತೊಳೆಯುವ ಸಲೈನ್ ಬೆಚ್ಚಗಿನದು ತರಿಸಿದೆವು. ಜಿನುಗು ನಿಂತಿತು ಅನ್ನುವುದು ಅತಿಶಯ. ಕಡಿಮೆಯಾಯಿತು, ಕೆಲಸಕ್ಕೆ ಅಡ್ಡಿ ಬರದಷ್ಟು.

ಬಿಪಿ ಇಳಿಸಿದ್ದರೆ ಆಗುತ್ತಿರಲಿಲ್ಲವೇ ಅಂತ ಕೇಳಬಹುದು. ಹಿಂದೆ ಹಾಗೇ ಮಾಡುತ್ತಿದ್ದರು. ಸರಾಸರಿ ರಕ್ತದೊತ್ತಡವನ್ನು 55-60ಕ್ಕೆ ಇಳಿಸಿದರೆ ರಕ್ತ ಕಡಿಮೆ ಹೋಗುತ್ತದೆ ನಿಜ. ಆದರೆ ಬಾಗಿದ ಬೆನ್ನನ್ನು ನೆಟ್ಟಗೆ ಎಳೆಯುವ ಗಳಿಗೆಯಲ್ಲೇ ಬೆನ್ನುಹುರಿಗೆ ರಕ್ತ ಹೆಚ್ಚು ಬೇಕು. ಇದೇ ಹುಡುಗಿಯಲ್ಲಿ ರಾಡ್ ತಿರುಗಿಸಿದಾಗ, ಬೆನ್ನುಹುರಿಗೆ ಪೆಟ್ಟು ಬಿದ್ದಿಲ್ಲವೆಂದು ತಿಳಿಯಲು ಅಳೆಯುತ್ತಿದ್ದ ಎಡಗಾಲಿನ ನರ ಸಂಕೇತ ಅರ್ಧಕ್ಕಿಂತ ಕೆಳಗೆ ಬಿತ್ತು. ಒತ್ತಡವನ್ನು 72ರಿಂದ 85ಕ್ಕೆ ಏರಿಸಿದೆವು, ಸರ್ಜನ್ ಎಳೆತವನ್ನು ತುಸು ಸಡಿಲಿಸಿದರು. ಕೆಲವೇ ನಿಮಿಷದಲ್ಲಿ ಸಂಕೇತ ವಾಪಸ್ ಬಂತು. ರಕ್ತ ಉಳಿಸುವ ಹಟದಲ್ಲಿ ಬಿಪಿ ಕೆಳಗಿಟ್ಟಿದ್ದರೆ? ಒಂದು ಬಾಟಲಿ ರಕ್ತಕ್ಕಾಗಿ ಕಾಲು ಕಳೆದುಕೊಳ್ಳುವುದು ಯಾವ ಲೆಕ್ಕ? ಟ್ರಾನೆಕ್ಸಾಮಿಕ್ ಆಸಿಡ್‌ನ ನಿಜವಾದ ಉಪಕಾರ ಇದು ಅಂತ ನನ್ನ ಅನಿಸಿಕೆ. ಅದು ಇದೆ ಎಂಬ ಧೈರ್ಯದಲ್ಲಿ ಬಿಪಿಯನ್ನು ಇರಬೇಕಾದಲ್ಲಿ ಇಡಬಹುದು.

ಗಾಯಕ್ಕೆ ಸುರಿಯುವುದು, ಬೇರೆ ಆಂಪೂಲ್ ಒಡೆಯುವುದು

ಹೊಲಿಗೆಗೆ ಮುಂಚೆ ಸರ್ಜನ್ ಮತ್ತೆ ಕೇಳಿದರು. ಔಷಧವನ್ನು ಗಾಜ್‌ಗೆ ನೆನೆಸಿ ಗಾಯದೊಳಗೆ ಇಡೋಣವೇ? ಮಂಡಿ ಕೀಲಿನ ಆಪರೇಷನ್‌ನಲ್ಲಿ ಹೀಗೆ ಮಾಡುತ್ತಾರೆ, ಬೆನ್ನಿನಲ್ಲಿಯೂ ಮಾಡುವವರಿದ್ದಾರೆ. ನಾನು ಬೇಡ ಅಂದೆ, ಆ ಸ್ಕ್ರೂ ರಂಧ್ರದ ಕಾರಣಕ್ಕೆ. ಬೆನ್ನುಹುರಿಯ ಹೊದಿಕೆಯಲ್ಲಿ ತೂತು ಬಿದ್ದಿತ್ತು, ಮುಚ್ಚಿದ್ದರೂ ಪೂರ್ತಿ ಭರವಸೆ ಇಡುವಂತಿರಲಿಲ್ಲ. ಈ ಔಷಧ ರಕ್ತದಲ್ಲಿ ಸೌಮ್ಯ, ನರಗಳ ಸುತ್ತಲಿನ ನೀರಿಗೆ ನೇರವಾಗಿ ಸೇರಿದರೆ ವಿಷ. ನರಗಳನ್ನು ಹತೋಟಿಯಲ್ಲಿಡುವ ಗ್ಲೈಸಿನ್ ಮತ್ತು ಗಾಬಾ ಸಂಕೇತಗಳನ್ನು ಅದು ತಡೆಯುತ್ತದೆ. ಕಾಲು ಬೆನ್ನು ಸೆಡೆತು, ಫಿಟ್ಸ್ ಬಂದು, ಹೃದಯ ಲಯ ತಪ್ಪುತ್ತದೆ.

ಊಹೆಯ ಮಾತಲ್ಲ ಇದು. ಸಿಸೇರಿಯನ್‌ನಂಥ ಆಪರೇಷನ್‌ಗಳಿಗೆ ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಮರಗಟ್ಟಿಸುವ ಬುಪಿವಕೇನ್ ಬದಲು ತಪ್ಪಿ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟ ಘಟನೆಗಳು ಹಲವು ದೇಶಗಳಿಂದ ವರದಿಯಾಗಿವೆ. 2019ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದ 21 ಪ್ರಕರಣಗಳಲ್ಲಿ 10 ಜನ ಸತ್ತಿದ್ದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಎರಡೂ ಗಾಜಿನ ಆಂಪೂಲ್, ಎರಡರೊಳಗೂ ನೀರಿನಂಥ ದ್ರವ, ಎರಡೂ ಒಂದೇ ಟ್ರೇಯಲ್ಲಿ. ನಮ್ಮಲ್ಲಿ ಒಂದೇ ಔಷಧ ಹತ್ತಾರು ಕಂಪನಿಗಳಿಂದ ಬರುತ್ತದೆ, ಈ ತಿಂಗಳ ಲೇಬಲ್ ಬಣ್ಣ ಮುಂದಿನ ತಿಂಗಳು ಇರುವುದಿಲ್ಲ. ಆದ್ದರಿಂದ ಟ್ರಾನೆಕ್ಸಾಮಿಕ್ ಆಸಿಡ್ ಅರಿವಳಿಕೆ ಟ್ರಾಲಿಯಲ್ಲೇ ಇರಕೂಡದು, ಬೇರೆ ಕಪಾಟಿನಿಂದ ತರಿಸಬೇಕು, ತಂದ ಕೂಡಲೇ ಸಲೈನ್ ಬಾಟಲಿಗೆ ಬೆರೆಸಿ ಹೆಸರು ಬರೆದ ಚೀಟಿ ಅಂಟಿಸಬೇಕು. ಡೋಸ್ 30 ಇರಬೇಕೋ 50 ಇರಬೇಕೋ ಎಂಬ ಚರ್ಚೆಗೆ ನಾವು ಕಳೆಯುವ ಸಮಯದಲ್ಲಿ ಕಾಲು ಭಾಗ ಈ ಕಪಾಟಿಗೆ ಕೊಟ್ಟರೂ ಸಾಕು.

ಫಲಿತಾಂಶ

ಒಟ್ಟು ನಷ್ಟ 720 ಮಿ.ಲೀ. ಸಕ್ಷನ್ ಬಾಟಲಿಯಿಂದ ತೊಳೆದ ಸಲೈನ್ ಕಳೆದು, ಗಾಜ್‌ಗಳನ್ನು ತೂಕ ಮಾಡಿ ಕೂಡಿಸಿದ ಅಂಕಿ ಇದು. ಕಣ್ಣಂದಾಜಿನ ಲೆಕ್ಕ ಯಾವಾಗಲೂ ಮೋಸ ಮಾಡುತ್ತದೆ. ಸೆಲ್ ಸೇವರ್, ಅಂದರೆ ಗಾಯದಿಂದ ಹೋದ ರಕ್ತವನ್ನು ತೊಳೆದು ರೋಗಿಗೇ ವಾಪಸ್ ಕೊಡುವ ಯಂತ್ರ, ಅದರ ಸಂಗ್ರಹ ಡಬ್ಬಿಯನ್ನು ಮಾತ್ರ ಮೊದಲಿಂದ ಜೋಡಿಸಿದ್ದೆವು. ರಕ್ತ ತೊಳೆಯುವ ದುಬಾರಿ ಕಿಟ್ ಒಡೆದದ್ದು ನಷ್ಟ 500 ದಾಟಿದ ಮೇಲೆ. ಅವಳದೇ ರಕ್ತ 180 ಮಿ.ಲೀ. ವಾಪಸ್ ಕೊಟ್ಟೆವು. ಆಪರೇಷನ್ ಮುಗಿದಾಗ ಹಿಮೋಗ್ಲೋಬಿನ್ 9.6. ಗಾಯದಲ್ಲಿಟ್ಟ ಡ್ರೇನ್ ನಳಿಕೆಯಲ್ಲಿ ಮತ್ತಷ್ಟು ಹೋಗಿ ಎರಡನೇ ದಿನ 8.7. ಹುಡುಗಿ ಎದ್ದು ಕೂತಳು, ತಲೆಸುತ್ತು ಇರಲಿಲ್ಲ. ದಾನಿಗಳ ರಕ್ತ ಒಂದು ಹನಿಯೂ ಬೇಕಾಗಲಿಲ್ಲ. ಫಿಟ್ಸ್ ಇಲ್ಲ, ಕಾಲು ಊತ ಇಲ್ಲ. ಸೋರಿಕೆಯ ಅನುಮಾನಕ್ಕೆ ಒಂದು ದಿನ ಜಾಸ್ತಿ ಮಲಗಿಸಿದೆವು, ತಲೆನೋವು ಬರಲಿಲ್ಲ.

ಔಷಧ ಇಲ್ಲದಿದ್ದರೆ ಎಷ್ಟು ಹೋಗುತ್ತಿತ್ತು? ಒಬ್ಬ ರೋಗಿಯಿಂದ ಅದು ಹೇಳಲು ಬರುವುದಿಲ್ಲ. ಅಧ್ಯಯನಗಳ ಅಂಕಿಯಂತೆ ಇನ್ನೂ 150-200 ಮಿ.ಲೀ. ಅಂದುಕೊಳ್ಳಬಹುದು. 9.4ರಲ್ಲೇ ಟೇಬಲ್ ಹತ್ತಿಸಿದ್ದರೆ, ಇದೇ ಔಷಧ ಇದೇ ಡೋಸ್‌ನಲ್ಲಿ ಇದ್ದರೂ, ಆ ದಿನ ರಕ್ತ ಏರಿಸುತ್ತಿದ್ದೆವು. ಇದರಲ್ಲಿ ನನಗೆ ಅನುಮಾನವಿಲ್ಲ.

ಆರು ವಾರದ ನಂತರ ತೋರಿಸಲು ಬಂದಾಗ ಹಿಮೋಗ್ಲೋಬಿನ್ 11.2. ಮುಟ್ಟಿನ ಚಿಕಿತ್ಸೆ ನಡೆಯುತ್ತಿದೆ. ಮನೆಯಲ್ಲಿ ಉಳಿದಿದ್ದ ಹಳೆಯ ಮಾತ್ರೆಯನ್ನು ತಾವಾಗಿಯೇ ಕೊಡಬೇಡಿ, ಸ್ತ್ರೀರೋಗ ತಜ್ಞರು ಹೇಳಿದಾಗ ಮಾತ್ರ ಕೊಡಿ ಅಂತ ತಾಯಿಗೆ ಚೀಟಿಯಲ್ಲಿ ಬರೆದು ಕೊಟ್ಟೆವು.